ಆರಿದ್ರೆಗೆ ಎರಡು ದಿನ ಮುಂಚೆ

ಕುಳ್ಳಮ್ಮ ಹೆಸರಿಗಷ್ಟೇ ಕುಳ್ಳಮ್ಮ. ಆಳು ಎತ್ತರವಾಗಿದ್ದಳು, ಕೈಗಳು ಗಂಡಸಿನ ಕೈಗಳ ಹಾಗೆ ಉದ್ದವಾಗಿದ್ದವು. ಸಂತೆಬಾಚಹಳ್ಳಿ ಹೋಬಳಿಯ ಹೊಂಗೇಕೊಪ್ಪಲಿನಲ್ಲಿ ಅವಳು ಸೂಲಗಿತ್ತಿ. ಸುತ್ತ ಏಳೆಂಟು ಊರಿನಲ್ಲಿ ಯಾವ ಬಸುರಿಗೆ ನೋವು ಬಂದರೂ ಮೊದಲು ಹೇಳಿಕಳಿಸುತ್ತಿದ್ದುದು ಅವಳಿಗೆ. ಎಷ್ಟು ಹೆರಿಗೆ ಮಾಡಿಸಿದ್ದೀಯ ಎಂದು ಕೇಳಿದರೆ ಅವಳು ಅಂಕಿ ಹೇಳುತ್ತಿರಲಿಲ್ಲ. ಇಂಥವರ ಮಗು ಇಂಥ ಮಳೆಯಲ್ಲಿ ಹುಟ್ಟಿತು, ಇಂಥವರದು ಹುರುಳಿ ಕೀಳುವಾಗ ಹುಟ್ಟಿತು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತಿದ್ದಳು. ಕೇಳುವವರಿಗೇ ಸಾಕಾಗುತ್ತಿತ್ತು.

ನನಗೆ ಅವಳ ಕತೆ ಗೊತ್ತಾದದ್ದು ನಮ್ಮ ಅಜ್ಜಿ ತುಳಸಮ್ಮನಿಂದ. ಅಜ್ಜಿಯ ಮನೆ ಗಂಜಾಂನಲ್ಲಿ, ನಿಮಿಷಾಂಬೆಯ ಗುಡಿಗೆ ಹೋಗುವ ದಾರಿಯಲ್ಲಿತ್ತು. ಕೋರ್ಟಿನ ಕೆಲಸಕ್ಕೆ ಶ್ರೀರಂಗಪಟ್ಟಣಕ್ಕೆ ಬಂದ ಹಳ್ಳಿಯವರು ಹೊತ್ತಾದರೆ ಆ ಮನೆಯ ಜಗಲಿಯ ಮೇಲೆ ಉಳಿದುಕೊಳ್ಳುವುದಿತ್ತು. ಕುಳ್ಳಮ್ಮ ಮೊದಲ ಸಲ ಬಂದದ್ದು ಹಾಗೆ, ೧೯೨೮ರಲ್ಲಿ, ಒಂದು ದಾವೆಗೆ ಸಾಕ್ಷಿ ಹೇಳುವುದಕ್ಕೆ.

ದಾವೆ ಹೊಂಗೇಕೊಪ್ಪಲಿನ ಚಲುವಮ್ಮನದು. ಅವಳ ಗಂಡ ಮಾಯಣ್ಣ, ಅವನ ಅಣ್ಣ ದೊಡ್ಡಬೀರಯ್ಯ. ಇಬ್ಬರೂ ಒಂದೇ ಮನೆಯಲ್ಲಿದ್ದರು, ಕೆರೆ ಹಿಂದಿನ ಗದ್ದೆ, ಎರಡು ಹೊಲ, ಒಂದು ತೆಂಗಿನ ತೋಟ ಯಾವುದೂ ಪಾಲಾಗಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷ ಚಲುವಮ್ಮನಿಗೆ ಮಕ್ಕಳಾಗಲಿಲ್ಲ. ೧೯೨೫ರಲ್ಲಿ, ಮಹಾಲಯ ಅಮಾವಾಸ್ಯೆಯ ದಿನ, ಮಾಯಣ್ಣ ವಾಂತಿಭೇದಿಗೆ ಸಿಕ್ಕಿ ಬೆಳಿಗ್ಗೆ ಮಲಗಿದವನು ಸಂಜೆಗೆ ಹೋಗಿಬಿಟ್ಟ. ಅವನ ತಿಥಿ ಕಳೆದ ಮೇಲೆ ಚಲುವಮ್ಮನಿಗೆ ತಾನು ಬಸುರಿ ಎಂದು ಗೊತ್ತಾಯಿತು. ದುಃಖದಲ್ಲಿ ಅದನ್ನು ಯಾರಿಗೂ ಹೇಳಲಿಲ್ಲ. ಕ್ಯಾತನಹಳ್ಳಿಯ ತವರಿಗೆ ಹೋಗಿ ಎರಡು ತಿಂಗಳಿದ್ದು ಬಂದಳು. ಬಂದಾಗ ಹೊಟ್ಟೆ ಕಾಣುತ್ತಿತ್ತು. ತವರಲ್ಲಿ ತಾಯಿ ಇರಲಿಲ್ಲ. ಅದೂ ಅಲ್ಲದೆ ಮಗು ತನ್ನ ಅಪ್ಪನ ಮನೆಯಲ್ಲೇ ಹುಟ್ಟಲಿ ಎಂದು ಅವಳ ಆಸೆ.

ಮುಂದಿನ ವರ್ಷ ಮುಂಗಾರಿನಲ್ಲಿ, ಒಂದು ಬೆಳಿಗ್ಗೆ ಹೊತ್ತೇರುವಾಗ, ಹೆರಿಗೆಯಾಯಿತು. ದೊಡ್ಡಬೀರಯ್ಯನ ಹೆಂಡತಿ ಸಿದ್ದಲಿಂಗಮ್ಮ ನೀರು ಕಾಸಿಕೊಟ್ಟಳು. ಕುಳ್ಳಮ್ಮ ಮಗುವನ್ನು ಎತ್ತಿಕೊಂಡಳು. ದೊಡ್ಡಬೀರಯ್ಯ ಬಾಗಿಲ ಹತ್ತಿರ ಬಂದು ಏನಾಯಿತು ಎಂದು ಕೇಳಿದ. ಗಂಡು ಎಂದು ಕುಳ್ಳಮ್ಮ ಹೇಳಿದಳು. ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಹೊರಟುಹೋದ.

ಹೊಂಗೇಕೊಪ್ಪಲಿನಲ್ಲಿ ಒಂದು ವಾಡಿಕೆಯಿತ್ತು. ಮಗು ಹುಟ್ಟಿದ ಸುದ್ದಿಯನ್ನು ಪಟೇಲರ ಮನೆಗೆ ಮುಟ್ಟಿಸಿ ರಿಜಿಸ್ಟರಿನಲ್ಲಿ ಬರೆಸುವುದು ಗಂಡಸರ ಕೆಲಸವಾದರೂ, ಅವರಿಗೆ ಮರೆತುಹೋಗುತ್ತದೆ ಎಂದು ಸೂಲಗಿತ್ತಿಯೇ ಹೋಗಿ ಹೇಳಿಬರುತ್ತಿದ್ದಳು. ಆವತ್ತು ಕುಳ್ಳಮ್ಮ ಸ್ನಾನ ಮಾಡಿ ಅಲ್ಲಿಗೇ ಹೊರಟಿದ್ದಳು. ಅಷ್ಟರಲ್ಲಿ ನಾಗಮಂಗಲದ ಕಡೆಯಿಂದ ಒಬ್ಬ ಆಳು ಓಡಿಬಂದ. ಅಲ್ಲಿಗೆ ಕೊಟ್ಟಿದ್ದ ಅವಳ ಮಗಳು ಬೆಟ್ಟಮ್ಮನಿಗೆ ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿತ್ತು. ಕುಳ್ಳಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ಬೆಟ್ಟಮ್ಮನ ಮಗು ಉಳಿಯಲಿಲ್ಲ. ಬಾಣಂತಿ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಬಂದಳು. ಕುಳ್ಳಮ್ಮ ಊರಿಗೆ ವಾಪಸು ಬಂದದ್ದು ಇಪ್ಪತ್ತಮೂರು ದಿನದ ಮೇಲೆ.

ಬಂದವಳಿಗೆ ಪಟೇಲರ ಮನೆ ನೆನಪಾಯಿತು. ಹೋಗಿ ಚಲುವಮ್ಮನ ಮಗುವಿನ ವಿಷಯ ಹೇಳಿದಳು. ಯಾವತ್ತು ಹುಟ್ಟಿದ್ದು ಎಂದು ಪಟೇಲರು ಕೇಳಿದರು. ಆರಿದ್ರೆ ಮಳೆ ಹುಟ್ಟುವ ಮುಂಚೆ ಎಂದಳು. ಯಾವತ್ತಾದರೇನು, ಇವತ್ತಿನದೇ ಬರೆದುಕೊಂಡೆ ಬಿಡು ಎಂದು ಅವರು ಅವತ್ತಿನ ತಾರೀಖು ಹಾಕಿದರು. ಜುಲೈ ಹನ್ನೆರಡು. ಕುಳ್ಳಮ್ಮನಿಗೆ ಅದು ಸರಿಯೋ ತಪ್ಪೋ ಹೊಳೆಯಲೂ ಇಲ್ಲ, ಮನಸ್ಸು ಇನ್ನೂ ಬೆಟ್ಟಮ್ಮನ ಹಾಸಿಗೆಯ ಹತ್ತಿರವೇ ಇತ್ತು.

ಮಗುವಿಗೆ ಚಿಕ್ಕಮಾಯಣ್ಣ ಎಂದು ಹೆಸರಿಟ್ಟರು. ಅದಕ್ಕೆ ವರ್ಷ ತುಂಬಿದ ಮೇಲೆ ಚಲುವಮ್ಮನ ಅಪ್ಪ ಜವರಯ್ಯ ಬಂದು ಮೊಮ್ಮಗನ ಪಾಲಿನ ಮಾತೆತ್ತಿದ. ದೊಡ್ಡಬೀರಯ್ಯ ಮೊದಲು ಆಮೇಲೆ ನೋಡೋಣ ಎಂದ. ಎರಡನೆಯ ಸಲ ಕೇಳಿದಾಗ ಊರಿನ ಹಿರಿಯರ ಮುಂದೆ, ಅದು ನಮ್ಮ ರಕ್ತವಲ್ಲ ಎಂದುಬಿಟ್ಟ. ಚಲುವಮ್ಮ ಗೋಡೆಗೆ ಒರಗಿ ನಿಂತಿದ್ದವಳು ಅಲ್ಲೇ ಕುಸಿದು ಕೂತಳು. ಅವತ್ತೇ ಜವರಯ್ಯ ಮಗಳನ್ನೂ ಕೂಸನ್ನೂ ಗಾಡಿಗೆ ಹತ್ತಿಸಿಕೊಂಡು ಹೋದ. ಹೆಂಗಸಿನ ಮಾನ ಹೋದ ಮೇಲೆ ಗದ್ದೆ ಇದ್ದರೂ ಒಂದೇ ಬಿಟ್ಟರೂ ಒಂದೇ, ಆದರೆ ಗದ್ದೆಯ ದಾವೆ ಹಾಕದೆ ಮಾನದ ಮಾತು ತೀರುವಂತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಮಗುವಿನ ಪರವಾಗಿ ದಾವೆ ಹೂಡಿದರು.

ವಕೀಲ ಅನಂತರಾಮಯ್ಯನವರು ಒಳ್ಳೆಯವರು, ಆದರೆ ಕೈತುಂಬ ಕೆಲಸವಿದ್ದವರು. ಅವರು ಜವರಯ್ಯನಿಗೆ ಬಿಡಿಸಿ ಹೇಳಿದರು. ಗಂಡ ಸತ್ತ ದಿನದಿಂದ ಇನ್ನೂರ ಎಂಬತ್ತು ದಿನದೊಳಗೆ ಮಗು ಹುಟ್ಟಿದ್ದರೆ, ಅದು ಅವನದೇ ಎಂದು ಕಾನೂನೇ ಒಪ್ಪಿಕೊಳ್ಳುತ್ತದೆ, ಬೇರೆ ಯಾರೂ ಏನೂ ತೋರಿಸಬೇಕಾಗಿಲ್ಲ. ಆ ಗೆರೆ ದಾಟಿದರೆ ತೋರಿಸುವ ಹೊರೆ ನಮ್ಮ ಮೇಲೆ. ಮಾಯಣ್ಣ ಸತ್ತ ದಿನದ ಬಗ್ಗೆ ತಕರಾರಿಲ್ಲ. ಪಟೇಲರ ರಿಜಿಸ್ಟರಿನ ಪ್ರಕಾರ ಮಗು ಹುಟ್ಟಿದ್ದು ಇನ್ನೂರ ತೊಂಬತ್ತೆಂಟನೆಯ ದಿನ. ತಾಯಿಯ ಮಾತು, ತಾತನ ಮಾತು ಸಾಲದು, ರಿಜಿಸ್ಟರಿನದು ತಪ್ಪು ಎಂದು ಹೇಳಬಲ್ಲವರು ಬೇರೆ ಯಾರಿದ್ದಾರೆ?

ಇಬ್ಬರಿದ್ದರು, ಕುಳ್ಳಮ್ಮ ಮತ್ತು ನೀರು ಕಾಸಿದ ಸಿದ್ದಲಿಂಗಮ್ಮ. ಸಿದ್ದಲಿಂಗಮ್ಮನಿಗೂ ಸಮನ್ಸು ಕಳಿಸೋಣ ಎಂದು ವಕೀಲರು ಹೇಳಿದಾಗ ಚಲುವಮ್ಮ ಬೇಡವೆಂದಳು.

"ನಮ್ಮಕ್ಕ ಆ ಮನೇಲಿ ಬಾಳ್ಬೇಕು ಸ್ವಾಮಿ. ಗಂಡನ ಎದುರಾ ನಿಂತ್ಕೊಂಡು ಏನಂತ ಯೋಳಾಳು? ಸುಳ್ಳು ಯೋಳಿದ್ರೆ ನಂಗೆ ಕೇಡು, ದಿಟ ಯೋಳಿದ್ರೆ ಅವ್ಳಿಗೆ ಕೇಡು."

ಹೀಗೆ ಎಲ್ಲವೂ ಕುಳ್ಳಮ್ಮನ ತಲೆಯ ಮೇಲೆ ಬಂತು.

ಮಗು ಯಾವತ್ತು ಹುಟ್ಟಿತು ಎಂದು ವಕೀಲರು ಅವಳನ್ನು ಕೇಳಿದರು. ಅವಳು ಮಳೆಯ ಲೆಕ್ಕ ಹೇಳುವುದಕ್ಕೆ ಶುರುಮಾಡಿದಳು. ಅವರು ಕೈಯೆತ್ತಿ ತಡೆದು, ಕೋರ್ಟಿಗೆ ಮಳೆ ಬೇಕಾಗಿಲ್ಲ ತಾಯಿ, ತಾರೀಖು ಬೇಕು ಎಂದರು. ಹೆರಿಗೆಯಾದ ಮೂರನೆಯ ದಿನ ಜವರಯ್ಯನಿಗೆ ಸುದ್ದಿ ಮುಟ್ಟಿತ್ತು. ಅವನ ನೆನಪಿನಿಂದ ಹಿಂದಕ್ಕೆ ಎಣಿಸಿ ಅವರೇ ತಾರೀಖು ಕಂಡುಹಿಡಿದರು. ಜೂನ್ ಹತ್ತೊಂಬತ್ತು. ಗೆರೆಯ ಒಳಗೇ ಇತ್ತು. ಅದನ್ನು ಕುಳ್ಳಮ್ಮನ ಬಾಯಲ್ಲಿ ಹತ್ತು ಸಲ ಹೇಳಿಸಿದರು. ವಿಚಾರಣೆಯ ದಿನ ಎತ್ತಿನ ಗಾಡಿಯಲ್ಲಿ ಹಿರೋಡೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಪಟ್ಟಣಕ್ಕೆ ಬರುವವರೆಗೂ ಅವಳು ಅದನ್ನೇ ಮಗ್ಗಿಯ ಹಾಗೆ ಹೇಳಿಕೊಳ್ಳುತ್ತಿದ್ದಳು. ಜೂನು ಹತ್ತೊಂಬತ್ತು, ಸಾವಿರದ ಒಂಬೈನೂರ ಇಪ್ಪತ್ತಾರು. ಅವಳಿಗೆ ಆ ಮಾತಿನಲ್ಲಿ ಮಗುವೂ ಕಾಣುತ್ತಿರಲಿಲ್ಲ, ಮಳೆಯೂ ಕಾಣುತ್ತಿರಲಿಲ್ಲ.

ಸಾಕ್ಷಿಕಟ್ಟೆಯಲ್ಲಿ ನಿಂತು ಪ್ರಮಾಣ ಮಾಡಿ, ತಮ್ಮ ವಕೀಲರು ಕೇಳಿದ್ದಕ್ಕೆ ಅವಳು ತಪ್ಪಿಲ್ಲದೆ ಹೇಳಿದಳು. ಆಮೇಲೆ ದೊಡ್ಡಬೀರಯ್ಯನ ಕಡೆಯ ವಕೀಲರು ಎದ್ದರು. ವಯಸ್ಸಾದವರು, ಮೆತ್ತಗಿನ ದನಿ. ಅವಳನ್ನು ಗದರಲಿಲ್ಲ, ಬೆದರಿಸಲಿಲ್ಲ. ನಿನ್ನ ಮಗಳ ಮಗು ಹುಟ್ಟಿದ ತಾರೀಖು ಯಾವುದಮ್ಮ ಎಂದು ಕೇಳಿದರು. ಗೊತ್ತಿಲ್ಲ ಎಂದಳು. ನಿನ್ನ ಗಂಡ ತೀರಿಕೊಂಡ ತಾರೀಖು? ಗೊತ್ತಿಲ್ಲ. ಇವತ್ತು ಎಷ್ಟನೆಯ ತಾರೀಖು? ಅದೂ ಗೊತ್ತಿಲ್ಲ.

"ಹಾಗಾದರೆ ಎರಡು ವರ್ಷದ ಹಿಂದಿನ ಈ ಒಂದು ತಾರೀಖು ಮಾತ್ರ ನಿನಗೆ ಹೇಗೆ ಗೊತ್ತಾಯಿತು?"

ಕುಳ್ಳಮ್ಮ ಅನಂತರಾಮಯ್ಯನವರ ಮುಖ ನೋಡಿದಳು. ಅವರು ಕಾಗದ ನೋಡುತ್ತಿದ್ದರು. ದೇವರ ಮೇಲೆ ಆಣೆ ಇಟ್ಟಾಗಿತ್ತು.

"ವಕೀಲ್ರು ಯೋಳ್ಕೊಟ್ರು ಬುದ್ಧಿ," ಎಂದಳು.

ಹಿಂದೆ ಯಾರೋ ನಕ್ಕರು. ವಯಸ್ಸಾದ ವಕೀಲರು, ನನ್ನ ಪ್ರಶ್ನೆ ಮುಗಿಯಿತು ಎಂದು ಕೂತುಬಿಟ್ಟರು. ಯೋಳ್ಕೊಟ್ರೂ ಅದು ದಿಟವೇ ಎಂದು ಕುಳ್ಳಮ್ಮ ಹೇಳಹೊರಟಳು. ಕೇಳಿದ್ದಕ್ಕೆ ಮಾತ್ರ ಹೇಳಬೇಕು ಎಂದು ಮುನ್ಸೀಫರು ತಡೆದರು. ಆಗ ಅನಂತರಾಮಯ್ಯನವರು ಎದ್ದು, ಆ ದಿನ ನಿನಗೆ ನಿನ್ನದೇ ಲೆಕ್ಕದಲ್ಲಿ ಹೇಗೆ ನೆನಪಿದೆ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವರ ಮುಖ ಕೆಂಪಾಗಿತ್ತು. ಏಳಲಿಲ್ಲ. ಕುಳ್ಳಮ್ಮನನ್ನು ಕೆಳಗಿಳಿಸಿದರು. ಆಮೇಲೆ ದೊಡ್ಡಬೀರಯ್ಯ ಪ್ರಮಾಣ ಮಾಡಿ, ಮಗು ಹುಟ್ಟಿತೆಂದು ಕುಳ್ಳಮ್ಮ ಹೇಳಿದ ವಾರ ತಾನು ಊರಿನಲ್ಲೇ ಇರಲಿಲ್ಲ, ಎತ್ತು ಕೊಳ್ಳುವುದಕ್ಕೆ ನಾಗಮಂಗಲಕ್ಕೆ ಹೋಗಿದ್ದೆ ಎಂದ. ಕುಳ್ಳಮ್ಮ ಅದನ್ನು ಬಾಗಿಲ ಹೊರಗಿನಿಂದ ಕೇಳಿಸಿಕೊಂಡಳು.

ಅವತ್ತು ಸಂಜೆ ಅವರು ಗಂಜಾಂನ ಜಗಲಿಯ ಮೇಲೆ ಕೂತಿದ್ದರು. ಅಜ್ಜಿ ಮಜ್ಜಿಗೆ ಕೊಟ್ಟು, ಯಾಕೆ ಎಲ್ಲರೂ ಹೀಗೆ ಕೂತಿದ್ದೀರಿ ಎಂದು ಕೇಳಿದಳು. ಜವರಯ್ಯ ಇದ್ದದ್ದನ್ನು ಹೇಳಿದ. ಅಜ್ಜಿ ಕುಳ್ಳಮ್ಮನ ಕಡೆ ತಿರುಗಿ, ಅದು ಹೋಗಲಿ, ನಿಜವಾಗಿ ಮಗು ಹುಟ್ಟಿದ್ದು ಯಾವಾಗ ಎಂದಳು.

"ಮಿರ್ಗಸಿರ ಮಳೆ ಮುಗಿಯೋಕೆ ಬಂದಿತ್ತು ಕಣ್ರವ್ವ. ಆರಿದ್ರೆ ಉಟ್ಟೋಕೆ ಎಲ್ಡು ದಿನ ಇತ್ತು."

ತಾತ ಸುಬ್ಬಣ್ಣ ಗುಡಿಯಲ್ಲಿ ಪಂಚಾಂಗ ಓದುತ್ತಿದ್ದವರು. ಒಳಗೆ ಕೂತು ಇದನ್ನು ಕೇಳಿಸಿಕೊಂಡು, ಅಟ್ಟದಿಂದ ಹಳೆಯ ಪಂಚಾಂಗಗಳ ಕಟ್ಟು ಇಳಿಸಿದರು. ಎರಡು ವರ್ಷದ ಹಿಂದಿನದನ್ನು ಹುಡುಕಿ ತೆಗೆದು ಜಗಲಿಗೆ ಬಂದು ಕೂತರು. ಆ ವರ್ಷ ಆರಿದ್ರೆಯ ಮಳೆ ಹುಟ್ಟಿದ್ದು ಜೂನ್ ಇಪ್ಪತ್ತೊಂದಕ್ಕೆ ಎಂದು ಓದಿದರು. ಎರಡು ದಿನ ಹಿಂದಕ್ಕೆ ಬೆರಳಿಟ್ಟು ಎಣಿಸಿದರು. ಹತ್ತೊಂಬತ್ತು.

ವಕೀಲರು ಹೇಳಿಕೊಟ್ಟ ತಾರೀಖು ಮತ್ತು ಅವಳಿಗೆ ಗೊತ್ತಿದ್ದ ದಿನ ಒಂದೇ ಆಗಿತ್ತು. ಹೇಳಿಕೊಡದೆ ಇದ್ದಿದ್ದರೆ ಅದು ಸಾಕ್ಷಿ, ಹೇಳಿಕೊಟ್ಟದ್ದರಿಂದ ಸುಳ್ಳಿನ ಹಾಗೆ ಕಂಡಿತು.

"ಅಂಗಾದ್ರೆ ಇದ ತೋರುಸ್ಬುಟ್ರೆ ಗೆದ್ದಂಗೇ ಅಲ್ವಾ ಸ್ವಾಮಿ?" ಎಂದು ಜವರಯ್ಯ ಕೇಳಿದ. ತಾತ ಪಂಚಾಂಗವನ್ನು ಅವನ ಕೈಗೆ ಕೊಟ್ಟರು.

ಬೆಳಿಗ್ಗೆ ವಕೀಲರ ಮನೆಗೆ ಓಡಿದರು. ಅನಂತರಾಮಯ್ಯನವರು ಆ ಪುಟವನ್ನು ಎರಡು ಮೂರು ಸಲ ನೋಡಿ, ಮೊದಲೇ ನಾನು ಕೇಳಬೇಕಾಗಿತ್ತು ಎಂದಷ್ಟೇ ಹೇಳಿದರು. ಕುಳ್ಳಮ್ಮನನ್ನು ಮತ್ತೆ ಕರೆಸಬೇಕೆಂದು ಅರ್ಜಿ ಹಾಕಿದರು. ಎದುರಿನ ವಕೀಲರು ಅದೇ ಮೆತ್ತಗಿನ ದನಿಯಲ್ಲಿ, ನಿನ್ನೆ ತಾರೀಖು ಹೇಳಿಕೊಟ್ಟರು, ಇವತ್ತು ಪಂಚಾಂಗ ಹೇಳಿಕೊಟ್ಟಿದ್ದಾರೆ ಎಂದರು. ಮುನ್ಸೀಫರು ಅರ್ಜಿ ತಳ್ಳಿಹಾಕಿದರು. ಅವರ ಜಾಗದಲ್ಲಿ ಕೂತು ನೋಡಿದರೆ ಅದು ಅನ್ಯಾಯವೆಂದು ಹೇಳುವುದು ನನಗೆ ಇವತ್ತಿಗೂ ಕಷ್ಟ. ಅವರ ಕಣ್ಣಿಗೆ ಕಂಡದ್ದು ಒಂದು ರಿಜಿಸ್ಟರು, ಮತ್ತು ತನಗೆ ಹೇಳಿಕೊಟ್ಟರು ಎಂದು ತಾನೇ ಒಪ್ಪಿಕೊಂಡ ಒಬ್ಬ ಸಾಕ್ಷಿ.

ಮೂರು ವಾರದ ಮೇಲೆ ತೀರ್ಪು ಬಂತು. ಮಗು ಮಾಯಣ್ಣನದೆಂದು ರುಜುವಾತಾಗಿಲ್ಲ, ದಾವೆ ವಜಾ. ಚಲುವಮ್ಮ ಕೋರ್ಟಿನ ಮುಂದಿನ ಮರದ ಕೆಳಗೆ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ವಕೀಲರು ಬಂದು ಹೇಳಿದಾಗ ಅವಳು ಅಳಲಿಲ್ಲ.

"ಅಂಗಂದ್ರೆ ಇವ್ನು ಅವರ ಮಗ ಅಲ್ಲ ಅಂತ ಬರದವ್ರಾ ಸ್ವಾಮಿ?"

"ಇಲ್ಲಮ್ಮ. ಅಲ್ಲ ಅಂತ ಎಲ್ಲೂ ಬರೆದಿಲ್ಲ. ಹೌದು ಅಂತ ನಾವು ತೋರಿಸಲಿಲ್ಲ ಅಂತ ಬರೆದಿದ್ದಾರೆ. ಎರಡೂ ಬೇರೆ ಬೇರೆ."

"ನಿಮಗೆ ಬ್ಯಾರೆ," ಎಂದಳು ಚಲುವಮ್ಮ. "ನಮ್ಮೂರಲ್ಲಿ ಎಲ್ಡೂ ಒಂದೇಯ."

ಅವಳು ಹೇಳಿದ ಹಾಗೇ ಆಯಿತು. ಹೊಂಗೇಕೊಪ್ಪಲಿನಲ್ಲಿ ಯಾರಿಗೂ ರುಜುವಾತಿನ ಮಾತು ಬೇಕಿರಲಿಲ್ಲ. ಕೋರ್ಟೇ ಹೇಳಿತಂತೆ, ಮಗು ಮಾಯಣ್ಣನದಲ್ಲವಂತೆ ಎಂದು ನೀರಿನ ಕಟ್ಟೆಯ ಹತ್ತಿರ, ಕಣದಲ್ಲಿ, ಸಂತೆಯ ದಾರಿಯಲ್ಲಿ ಮಾತು ನಡೆಯಿತು. ಮೈಸೂರಿನಲ್ಲಿ ಅಪೀಲು ಹಾಕಿದರು. ಮೇಲಿನವರು ಕೆಳಗಿನ ಕೋರ್ಟಿನ ಕಾಗದ ನೋಡಿ ಅದನ್ನೇ ಎತ್ತಿಹಿಡಿದರು. ಚಲುವಮ್ಮ ಗಂಡನ ಊರಿಗೆ ಮತ್ತೆ ಕಾಲಿಡಲಿಲ್ಲ. ಕ್ಯಾತನಹಳ್ಳಿಯಲ್ಲಿ ಅಪ್ಪನ ಕಬ್ಬಿನ ಗದ್ದೆಯಲ್ಲಿ ದುಡಿದು ಮಗನನ್ನು ಸಾಕತೊಡಗಿದಳು.

ಕುಳ್ಳಮ್ಮನಿಗೆ ಊರಿನಲ್ಲಿ ಯಾರೂ ಮರ್ಯಾದೆ ಕಮ್ಮಿ ಮಾಡಲಿಲ್ಲ. ಹೆರಿಗೆಗೆ ಕರೆಯುವುದು ನಿಲ್ಲಲಿಲ್ಲ. ಆದರೆ ಅವಳು ಬದಲಾದಳು. ಮಗು ಹುಟ್ಟಿದರೆ ಅವತ್ತೇ, ಒದ್ದೆ ಸೆರಗಿನಲ್ಲೇ, ಪಟೇಲರ ಮನೆಯ ಮುಂದೆ ಹೋಗಿ ನಿಲ್ಲುತ್ತಿದ್ದಳು. ಅವರು ಊಟಕ್ಕೆ ಕೂತಿದ್ದರೆ ಕಾಯುತ್ತಿದ್ದಳು. ರಿಜಿಸ್ಟರು ತೆರೆಸಿ ಬರೆಸಿ, ಬರೆದದ್ದನ್ನು ಗಟ್ಟಿಯಾಗಿ ಓದಿಸಿ ಕೇಳಿಸಿಕೊಂಡ ಮೇಲೇ ಕದಲುತ್ತಿದ್ದಳು. ಪಟೇಲರು ಬೈದರೂ ಜಗ್ಗುತ್ತಿರಲಿಲ್ಲ.

ವರ್ಷಕ್ಕೊಂದು ಸಲ ನಿಮಿಷಾಂಬೆಗೆಂದು ಗಂಜಾಂಗೆ ಬರುತ್ತಿದ್ದಳು, ಅಜ್ಜಿಯ ಹತ್ತಿರ ಕೂತು ಮಾತಾಡುತ್ತಿದ್ದಳು. ನಾಲ್ಕನೆಯದೋ ಐದನೆಯದೋ ವರ್ಷ ಬಂದಾಗ ಒಂದು ಮಾತು ಹೇಳಿದಳು. ಅಷ್ಟು ಜನ ಅಷ್ಟು ಸಲ ಅಲ್ಲವೆಂದ ಮೇಲೆ ತನಗೇ ಅನುಮಾನ ಬರುತ್ತಿದೆಯಂತೆ. ಅವತ್ತು ಮಳೆ ಬಂದಿತ್ತೋ, ಮೋಡ ಮಾತ್ರ ಇತ್ತೋ? ಆರಿದ್ರೆಗೆ ಎರಡು ದಿನ ಮುಂಚೆಯೋ, ಆರಿದ್ರೆ ಹುಟ್ಟಿ ಎರಡು ದಿನ ಆಗಿತ್ತೋ? ಕಣ್ಣು ಮುಚ್ಚಿದರೆ ಬಾಗಿಲಲ್ಲಿ ದೊಡ್ಡಬೀರಯ್ಯ ನಿಂತಿರುವುದು ಕಾಣುತ್ತದೆ, ಮರುಗಳಿಗೆ ಅವನು ನಾಗಮಂಗಲದಲ್ಲಿದ್ದೆ ಎಂದು ಹೇಳಿದ್ದು ಕೇಳುತ್ತದೆ. ಪಂಚಾಂಗದಲ್ಲಿ ಸರಿಬಂತಲ್ಲ ಎಂದು ಅಜ್ಜಿ ಸಮಾಧಾನ ಹೇಳಿದಳು. ಪಂಚಾಂಗದಲ್ಲಿ ಮಳೆ ಹುಟ್ಟಿದ ದಿನ ಇದೆ, ಕೂಸು ಹುಟ್ಟಿದ ದಿನ ಇಲ್ಲವಲ್ಲ ಎಂದಳು ಕುಳ್ಳಮ್ಮ. ತನ್ನ ಕಣ್ಣಿನಿಂದ ಕಂಡದ್ದೂ ಹೀಗೆ ಕೈತಪ್ಪಿ ಹೋಗಬಹುದೆಂದು ನನಗೆ ಗೊತ್ತಿರಲಿಲ್ಲ ಎಂದು ಅಜ್ಜಿ ಆಮೇಲೆ ಹೇಳುತ್ತಿದ್ದಳು.

೧೯೩೪ರ ಬೇಸಿಗೆಯಲ್ಲಿ ದೊಡ್ಡಬೀರಯ್ಯನ ಮನೆಯಿಂದ ಕರೆ ಬಂತು. ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಅಡ್ಡವಾಗಿ ನಿಂತಿತ್ತು. ಕುಳ್ಳಮ್ಮ ಹೋಗದೆ ಇರಬಹುದಾಗಿತ್ತು, ಹೋದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಹೆಣಗಿ ತಾಯಿ ಮಗು ಇಬ್ಬರನ್ನೂ ಉಳಿಸಿದಳು. ಎಲ್ಲ ಮುಗಿದು ಕೈ ತೊಳೆಯುವಾಗ ಸಿದ್ದಲಿಂಗಮ್ಮ ನೀರು ಹಾಕುತ್ತಾ, ಸುತ್ತ ಯಾರೂ ಇಲ್ಲದ್ದು ನೋಡಿಕೊಂಡು, ತಗ್ಗಿದ ದನಿಯಲ್ಲಿ ಮಾತು ತೆಗೆದಳು.

"ಚಲುವಿ ಹೆತ್ತ ದಿನವೇ ನಮ್ಮ ಕೆಂದಸ ಕರ ಹಾಕಿತ್ತು ಕಣ್ ಕುಳ್ಳವ್ವ. ಮೂರನೇ ದಿನಕ್ಕೆ ಆರಿದ್ರೆ ಉಟ್ತು, ಕರ ಆಚೆ ನೆಂದೋಯ್ತು ಅಂತ ಇವ್ರು ನನ್ನ ಬೈದ್ರು. ನೀನು ಕಟಕಟೇಲಿ ಯೋಳಿದ್ದು ದಿಟ."

ಕುಳ್ಳಮ್ಮನ ಕೈ ನೀರಿನ ಕೆಳಗೇ ನಿಂತಿತು. ಹಾಗಾದರೆ ದೊಡ್ಡಬೀರಯ್ಯ ಆ ವಾರ ಊರಲ್ಲೇ ಇದ್ದ.

"ಎಷ್ಟೋ ವರ್ಸದಿಂದ ನಾನೇ ತಪ್ಪಿದ್ನೇನೋ ಅಂದ್ಕೊಂಡು ಸಾಯ್ತಾ ಇವ್ನಿ," ಎಂದಳು. "ಈಗ ಯೋಳ್ತೀಯಲ್ಲ ಸಿದ್ದವ್ವ."

ಸಿದ್ದಲಿಂಗಮ್ಮ ಚೊಂಬು ಕೆಳಗಿಟ್ಟು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಇದನ್ನು ಹಿರಿಯರ ಮುಂದೆ ಹೇಳುತ್ತೀಯಾ ಎಂದು ಕುಳ್ಳಮ್ಮ ಕೇಳಿದ್ದಕ್ಕೆ ಇಲ್ಲವೆಂದು ತಲೆಯಾಡಿಸಿ ಬಾಣಂತಿಯ ಹತ್ತಿರ ಹೋದಳು. ಕುಳ್ಳಮ್ಮ ಅವಳನ್ನು ಬಲವಂತ ಮಾಡಲಿಲ್ಲ. ಪಟೇಲರ ಮನೆಗೆ ಹೋಗಿ ದೊಡ್ಡಬೀರಯ್ಯನ ಮೊಮ್ಮಗುವನ್ನೂ ಬರೆಸಿ ಬಂದಳು.

ಮಾರನೆಯ ದಿನ ಬೆಳಿಗ್ಗೆ ಎದ್ದು ಕ್ಯಾತನಹಳ್ಳಿಗೆ ಹೊರಟಳು. ವಯಸ್ಸು ಅರವತ್ತಾಗಿತ್ತು, ಕಾಲು ಊದುತ್ತಿತ್ತು. ದಾರಿಯಲ್ಲಿ ಒಂದು ಗಾಡಿ ಸಿಕ್ಕಿದಷ್ಟು ದೂರ ಗಾಡಿಯಲ್ಲಿ, ಉಳಿದದ್ದು ನಡೆದು, ಸಂಜೆಯ ಹೊತ್ತಿಗೆ ಮುಟ್ಟಿದಳು. ಚಲುವಮ್ಮ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಒಟ್ಟುತ್ತಿದ್ದಳು. ನೋಡಿ ಸಂತೋಷಪಟ್ಟು ಮನೆಗೆ ಕರೆದುಕೊಂಡು ಹೋಗಿ ಕಾಲಿಗೆ ನೀರು ಕೊಟ್ಟಳು. ಕುಳ್ಳಮ್ಮ ಕೂರುವ ಮೊದಲೇ ಸಿದ್ದಲಿಂಗಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಚಲುವಮ್ಮ ಕುಣಿದಾಡುತ್ತಾಳೆ ಎಂದುಕೊಂಡಿದ್ದಳೋ ಏನೋ. ಚಲುವಮ್ಮ ಚೊಂಬು ಒಳಗಿಟ್ಟು ಬಂದಳು.

"ಹೆತ್ತೋಳು ನಾನು ಕುಳ್ಳವ್ವ. ಅದ ನಂಗೆ ಯಾರಾದ್ರೂ ಬಂದು ಯೋಳ್ಬೇಕಾಗಿತ್ತಾ?"

ಕುಳ್ಳಮ್ಮ ಕೂತು ಊದಿದ ಕಾಲು ಒತ್ತಿಕೊಂಡಳು.

"ನಿಂಗೆ ಅನುಮಾನ ಬಂದಿತ್ತಾ?"

"ಬಂದಿತ್ತು ಕಣ್ಮಗ," ಎಂದಳು ಕುಳ್ಳಮ್ಮ.

ಚಲುವಮ್ಮ ಎದ್ದು ಒಲೆಯ ಹತ್ತಿರ ಹೋಗಿ ಹಿಟ್ಟು ತೊಳಸತೊಡಗಿದಳು. ಬಹಳ ಹೊತ್ತು ಬೆನ್ನು ತಿರುಗಿಸಿಕೊಂಡೇ ಇದ್ದಳು. ಆಮೇಲೆ ಮುದ್ದೆ ಬಡಿಸಿ, ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿದಳು. ಈಯಮ್ಮನೇ ನಿನ್ನ ಮೊದಲು ಎತ್ಕೊಂಡಿದ್ದು ಎಂದು ಹೇಳಿದಳು. ಅವನು ಒಮ್ಮೆ ಕುಳ್ಳಮ್ಮನ ಮುಖ ನೋಡಿ ಊಟಕ್ಕೆ ಕೈಹಾಕಿದ.

ಕುಳ್ಳಮ್ಮ ಎರಡು ದಿನ ಇದ್ದಳು. ಹೊರಡುವ ದಿನ ಚಲುವಮ್ಮ ನಾಲೆಯ ಏರಿಯವರೆಗೂ ಜೊತೆಯಲ್ಲಿ ಬಂದಳು. ಇನ್ನೊಂದು ಸಲ ಬಾ ಎಂದು ಕರೆದಳು. ಬಂದಾಗ ಆ ಮಾತು ಮಾತ್ರ ಎತ್ತಬೇಡ ಎಂದೂ ಹೇಳಿದಳು. ಕುಳ್ಳಮ್ಮ ಆಗಲಿ ಎಂದಳು.

ಸಾಯುವ ಮೊದಲು ಅವಳು ಮೂರು ಸಲ ಕ್ಯಾತನಹಳ್ಳಿಗೆ ಹೋಗಿಬಂದಳಂತೆ. ಒಂದು ಸಲವೂ ಆ ಮಾತು ಎತ್ತಲಿಲ್ಲವಂತೆ.